ಮೊಮ್ಮಗಳಿಗೆ ಕಟ್ಟಿದ ಅಕ್ಕಿ ಮುಡಿ

ನಮ್ಮ ಮೊಮ್ಮಗಳು ನಗುವಾಗ ಮೊದಲು ಅವಳ ಕಾಲು ನಗುತ್ತದೆ. ಎರಡು ಪಾದ ಒಂದಕ್ಕೊಂದು ತಿಕ್ಕಿಕೊಳ್ಳುತ್ತವೆ, ಆಮೇಲೆ ಹೊಟ್ಟೆ ಕುಣಿಯುತ್ತದೆ, ಕೊನೆಗೆ ಹಲ್ಲಿಲ್ಲದ ಬಾಯಿ ತೆರೆಯುತ್ತದೆ. ಇದನ್ನು ನಾನು ಬೈಲಿನ ಎಲ್ಲ ಮನೆಗಳಿಗೂ ಹೇಳಿದ್ದೇನೆ, ಹಾಲು ಕೊಡಲು ಹೋದಾಗ ಡೈರಿಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕುಳಿತ ಗುರುತಿಲ್ಲದವರಿಗೂ ಹೇಳಿದ್ದೇನೆ. ಮಗಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಯಾರದಾದರೂ ಮನೆಯ ತೊಟ್ಟಿಲು ಹಾಕುವ ದಿನಕ್ಕೆ ಹೋಗಿ ಬಂದರೆ ಅವಳು ಕೆಲವು ದಿನ ನನಗೆ ಫೋನು ಮಾಡುತ್ತಿರಲಿಲ್ಲ. ಹಾಗಾಗಿ ಈ ಮಗು ಹುಟ್ಟಿದ ಮೇಲೆ ನನ್ನ ಬಾಯಿ ಮುಚ್ಚಿದ್ದೇ ಕಡಿಮೆ. ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು ನಾನು. ಹೇಳಿ ಹೇಳಿ ಮುಗಿಯದ್ದಕ್ಕೆ ಈಗ ಬರೆಯಲು ಕುಳಿತಿದ್ದೇನೆ. ಸಂತೋಷ ಬರೆಯೋಣ ಎಂದು ಕುಳಿತರೆ ಹೆದರಿಕೆಯೇ ಮುಂದೆ ಬಂದು ನಿಲ್ಲುತ್ತದೆ. ಎರಡೂ ಒಂದೇ ಮಗುವಿನದ್ದು, ಬೇರೆ ಮಾಡುವುದು ಹೇಗೆ?

ನಮ್ಮ ಮನೆ ಬೈಂದೂರಿನ ಕಡೆಯ ಒಂದು ಬೈಲಿನಲ್ಲಿದೆ. ಬೈಲಿನ ಆ ತುದಿಗೆ ಹೊಳೆ, ಈ ತುದಿಗೆ ಕಲ್ಲುಗುಡ್ಡ, ನಡುವೆ ಗದ್ದೆ. ಮಳೆಗಾಲದ ಬೆಳೆಗೆ ಮೇಲಿನಿಂದಲೇ ನೀರು ಬೀಳುತ್ತದೆ. ಎರಡನೆಯದಾದ ಸುಗ್ಗಿ ಬೆಳೆಗೆ ಹೊಳೆ ನೀರೇ ಗತಿ. ಚಳಿ ಹೋಗಿ ಬಿಸಿಲು ಏರುತ್ತಿದ್ದಂತೆ ಸಮುದ್ರದ ಉಪ್ಪು ನೀರು ಹೊಳೆಯೊಳಗೆ ಮೇಲೆ ಮೇಲೆ ಬರುತ್ತದೆ. ಆ ನೀರು ಗದ್ದೆಗೆ ಬಿಟ್ಟರೆ ಪೈರು ಸುಟ್ಟ ಹಾಗೆ. ಅದಕ್ಕೇ ನಮ್ಮ ಮನೆಯವರು ಬೆಳಿಗ್ಗೆ ಹೊಳೆಗಿಳಿದು, ನೀರಿಗೆ ಬೆರಳು ಅದ್ದಿ, ನಾಲಿಗೆಯ ತುದಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅವರು ಹೂಂ ಎಂದರೆ ಇಡೀ ಬೈಲಿನವರು ನೀರು ಬಿಡುತ್ತಿದ್ದರು. ಅವರು ಉಗಿದರೆ ಎಲ್ಲರೂ ಪಂಪು ನಿಲ್ಲಿಸುತ್ತಿದ್ದರು. ಆ ನಾಲಿಗೆಗೆ ಊರಿನಲ್ಲಿ ಬೆಲೆ ಇತ್ತು. ನಾನು ಸಾರಿಗೆ ಉಪ್ಪು ಹಾಕುವುದು ಮರೆತರೂ ಊಟ ಮುಗಿಯುವವರೆಗೆ ಅವರಿಗೆ ಗೊತ್ತಾಗುತ್ತಿರಲಿಲ್ಲ, ಆ ಮಾತು ಬೇರೆ.

ವರ್ಷದಿಂದ ವರ್ಷಕ್ಕೆ ಉಪ್ಪು ಬೇಗ ಬೇಗ ಬರತೊಡಗಿತು. ಕೊನೆಗೆ ಮಗ ಕಲ್ಲುಗುಡ್ಡದ ಬುಡದಲ್ಲಿ ಬೋರ್‌ವೆಲ್ ಹಾಕಿಸಿದ. ನೀರು ಚಿಮ್ಮಿದ ದಿನ ಅವರು ಹೋಗಿ ಬೊಗಸೆಯಲ್ಲಿ ಹಿಡಿದು ಕುಡಿದರು.

“ಎಳ್ನೀರ್ ಕುಡ್ದಾಂಗ್ ಆತ್ತ್ ಮಗಾ. ಇನ್ ನಮ್ಗೆ ಹೊಳಿ ಹಂಗಿಲ್ಲೆ” ಎಂದರು.

ಆ ನೀರಿನಲ್ಲಿ ಸುಗ್ಗಿ ಬೆಳೆ ಚೆನ್ನಾಗಿಯೇ ಬಂತು. ಮಗಳು ಬಸುರಿಯಾಗಿ ಹೆರಿಗೆಗೆಂದು ಮನೆಗೆ ಬಂದಾಗ ಅವಳು ಉಂಡದ್ದು ಅದೇ ಗದ್ದೆಯ ಕುಚ್ಚಲಕ್ಕಿ. ಅನ್ನ ಬಸಿದ ತೆಳಿಗೆ ಉಪ್ಪು ಹಾಕಿ, ಒಂದು ಚೂರು ಬೆಣ್ಣೆ ತೇಲಿಸಿ, ದಿನಾ ಲೋಟ ತುಂಬ ಅವಳಿಗೆ ಕೊಟ್ಟವಳು ನಾನು. ಅಕ್ಕಿಯ ಸತ್ವವೆಲ್ಲ ತೆಳಿಯಲ್ಲಿರುತ್ತದೆ ಎಂದು ನನ್ನ ಅಮ್ಮ ನನಗೆ ಕೊಟ್ಟಿದ್ದರು. ಹೆರಿಗೆಯಾದ ಮೇಲೂ ಕೊಟ್ಟೆ. ಹಾಲು ಚೆನ್ನಾಗಿ ಬಂತು, ಮಗು ದುಂಡಗಾಯಿತು, ನಾನು ತೆಳಿಯ ಹೊಗಳಿಕೆ ಹಾಡಿದ್ದೇ ಹಾಡಿದ್ದು.

ಈ ಸಲದ ಸುಗ್ಗಿ ಬೆಳೆ ಕದಿರಾದಾಗ ಒಂದು ವಿಚಿತ್ರ ಕಂಡಿತು. ಬೋರಿನ ಪೈಪಿನಿಂದ ನೀರು ಬಂದು ಬೀಳುವ ಮೂಲೆಯಲ್ಲಿ ಕದಿರುಗಳು ಬಗ್ಗಲಿಲ್ಲ. ಬೇರೆ ಕಡೆ ಕಾಳು ತುಂಬಿ ತಲೆ ಬಾಗಿದ್ದರೆ ಇಲ್ಲಿ ಮಾತ್ರ ಕಡ್ಡಿಯ ಹಾಗೆ ನೆಟ್ಟಗೆ. ಹಿಸುಕಿದರೆ ಒಳಗೆ ಏನಿಲ್ಲ, ಜಳ್ಳು.

“ಅಪ್ಪಯ್ಯ, ಈ ಬದಿ ಕದ್ರ್ ಕಾಣಿ. ತಲಿ ಬಗ್ಗುದೇ ಇಲ್ಲೆ” ಎಂದ ಮಗ.

“ನಿನ್ ಗೆದ್ದಿ ಅಲ್ದಾ, ನಿನ್ ಹಾಂಗೇ ಇತ್ತ್” ಎಂದರು ಇವರು.

ಮಗ ನಗಲಿಲ್ಲ. ಕೃಷಿ ಆಫೀಸಿಗೆ ಹೋಗಿ ಹೇಳಿದ. ಅಲ್ಲಿಂದ ಒಬ್ಬ ಮೇಡಂ ಸ್ಕೂಟರಿನಲ್ಲಿ ಬಂದರು. ಚಿಕ್ಕ ಪ್ರಾಯದವರು. ಗದ್ದೆಗಿಳಿದು ಆ ಮೂಲೆಯನ್ನು ಬಹಳ ಹೊತ್ತು ನೋಡಿದರು. ಕಲ್ಲಿನ ಆಳದ ನೀರಿನಲ್ಲಿ ಕೆಲವು ಕಡೆ ಆರ್ಸೆನಿಕ್ ಅನ್ನುವ ವಿಷ ಇರಬಹುದು, ಹಾಗಿದ್ದರೆ ಕದಿರು ಹೀಗೆ ನಿಲ್ಲುವುದುಂಟು, ಬೇರೆ ಕಾರಣಕ್ಕೂ ಆಗಬಹುದು, ಪರೀಕ್ಷೆ ಮಾಡದೆ ಹೇಳಲಾಗದು ಎಂದರು. ಆರ್ಸೆನಿಕ್ ಎಂದರೆ ಏನು ಎಂದು ನಾನು ಕೇಳಿದೆ. “ಹಿಂದೆ ಇಲಿಗೆ ಪಾಷಾಣ ಇಡುತ್ತಿದ್ದರಲ್ಲ ಅಮ್ಮ, ಆ ಜಾತಿ” ಎಂದರು. ನನ್ನ ಸೊಂಟದಲ್ಲಿ ಮಗು ಇತ್ತು. ನಾನು ಅವಳನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡೆ, ಮಾತು ಅವಳಿಗೆ ತಾಗಬಾರದೆಂಬ ಹಾಗೆ.

ಮೇಡಂ ಒಂದು ಬಾಟಲಿ ಕೊಟ್ಟು, ಇದರಲ್ಲಿ ನೀರು ತುಂಬಿಸಿ ನಾಳೆ ಆಫೀಸಿಗೆ ತಲುಪಿಸಿ ಎಂದರು. ಮಾರನೆಯ ದಿನ ಮಗ ಬಾಡಿಗೆಗೆಂದು ಗೂಡ್ಸ್ ಆಟೋ ತೆಗೆದುಕೊಂಡು ಬ್ರಹ್ಮಾವರಕ್ಕೆ ಹೋಗಿದ್ದ. ನೀರು ತುಂಬಿಸಿಕೊಂಡು ಹೋಗಿ ಕೊಟ್ಟು ಬಂದವರು ಮನೆಯವರು.

ಆಮೇಲೆ ಮೇಡಂ ಫೋನು ಬಂತು. ನೀರಿನಲ್ಲಿ ಏನೂ ತೊಂದರೆ ಇಲ್ಲ, ಕದಿರಿಗೆ ಬೇರೆ ಕಾರಣ ಹುಡುಕೋಣ ಎಂದರು. ಆ ದಿನ ನಾನು ಪಾಯಸ ಮಾಡಿದೆ.

ಕೊಯ್ಲು ಮುಗಿಯಿತು, ಭತ್ತ ಬೇಯಿಸಿ ಒಣಗಿಸಿ ಅಕ್ಕಿ ಮಾಡಿಸಿ ತಂದೆವು. ಮಗುವಿಗೆ ಆರನೇ ತಿಂಗಳಿನಲ್ಲಿ ಮೊದಲ ಅನ್ನ ಉಣಿಸಬೇಕು. ಅದು ನಮ್ಮ ಮನೆಯಲ್ಲಿ, ಸೋದರಮಾವನ ಕೈಯಿಂದ, ನಮ್ಮ ಗದ್ದೆಯ ಹೊಸ ಅಕ್ಕಿಯಲ್ಲಿ ಎಂದು ಅವಳು ಹೊಟ್ಟೆಯಲ್ಲಿದ್ದಾಗಲೇ ನಾನು ಹೇಳಿಟ್ಟಿದ್ದೆ. ಮನೆಯವರಿಗೆ ಹುಮ್ಮಸ್ಸು ಬಂದು, ಈಗ ಯಾರೂ ಕಟ್ಟದ ಅಕ್ಕಿ ಮುಡಿ ಕಟ್ಟಲು ಕುಳಿತರು. ಒಳ್ಳೆಯ ಬೈಹುಲ್ಲು ಆರಿಸಿ, ಹಗ್ಗ ಹೊಸೆದು, ಹುಲ್ಲು ಹರವಿ ಅದರ ಮೇಲೆ ಅಕ್ಕಿ ಸುರಿದು, ಸುತ್ತ ಹಗ್ಗ ಬಿಗಿದು, ಮರದ ಕೊಡತಿಯಿಂದ ಬಡಿದು ಬಡಿದು ಗುಂಡಗೆ ಮಾಡಿದರು. ದೊಡ್ಡ ಮುಡಿಯಲ್ಲ, ಸಣ್ಣದು. ಮುಗಿದ ಮೇಲೆ ಚಾಪೆಯ ಮೇಲೆ ಮಗುವಿನ ಪಕ್ಕ ಇಟ್ಟರೆ ಇಬ್ಬರೂ ಒಂದೇ ಗಾತ್ರ. ಅವಳು ಅದಕ್ಕೆ ಕಾಲು ಕೊಟ್ಟು ಒದ್ದಳು.

“ಕಂಡ್ಯಾ, ಅವ್ಳ್ ಮುಡಿ ಅಂದ್ಹೇಳಿ ಅವ್ಳಿಗೇ ಗೊತ್ತಾಯ್ತ್” ಎಂದರು ಇವರು.

ಆ ವಾರ ತೆಕ್ಕಟ್ಟೆಯಿಂದ ಮಗಳ ಅತ್ತೆ ಮೊಮ್ಮಗಳನ್ನು ನೋಡಲು ಬಂದರು. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಮುಡಿಯನ್ನು ತಟ್ಟಿ ನೋಡಿದರು, ಹೊಗಳಿದರು. ಆಮೇಲೆ ಕೇಳಿದರು:

“ನಿಮ್ ಬೋರಿನ್ ನೀರ್ ಪರೀಕ್ಷೆ ಮಾಡ್ಸಿದ್ರಂಬ್ರ್. ಎಂತ ಅಂದ್ರ್?”

“ಫಸ್ಟ್ ಕ್ಲಾಸ್ ಅಂದ್ರ್” ಎಂದರು ಮನೆಯವರು. “ಆಗ್ದೇ ಎಂತ? ನಾನೇ ತುಂಬ್ಸಿ ಕೊಟ್ಟದ್ದಲ್ದಾ. ಅಡ್ಗಿ ಬಾವಿ ನೀರ್ ಸೇದಿ, ಹೊಸ ಬೈರಾಸಗೆ ಸೋಸಿ ಕೊಟ್ಟಿದೆ.”

ಮಗ ಊಟಕ್ಕೆ ಕುಳಿತಿದ್ದ. ಕೈ ಬಟ್ಟಲಿನಲ್ಲೇ ನಿಂತಿತು.

“ಬಾವಿ ನೀರಾ? ಬೋರಿಂದ್ ಅಲ್ದಾ ಅಪ್ಪಯ್ಯ?”

“ಪಂಪ್ ಹಾಕ್ದೆ ಮಾರಾಯ. ಕೆಂಪ್ ಮಣ್ಣ್ ಬತ್ತಿತ್. ಆಫೀಸಿನರಿಗೆ ಕೊಡು ನೀರ್ ಅದ್. ರಾಡಿ ನೀರ್ ಕೊಟ್ರೆ ಮನಿ ಮರ್ಯಾದಿ ಎಂತ ಆತ್ತ್?”

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ, ನೀರು. ಆ ನೀರು ಅಡಿಗೆ ಬಾವಿಯದೇ ಆಗಬೇಕು, ಕಸ ಇರಬಾರದು. ಹೊಸ್ತಿಲು ದಾಟಿ ಹೊರಗಿನವರ ಕೈಗೆ ಹೋಗುವ ನೀರನ್ನು ಅವರು ಹುಟ್ಟಿದಾಗಿನಿಂದ ಹಾಗೆಯೇ ಕೊಟ್ಟವರು. ಬಾಟಲಿಯಾದರೇನು, ಚೊಂಬಾದರೇನು ಎಂದುಕೊಂಡಿದ್ದಾರೆ. ಬೋರಿನ ಪರೀಕ್ಷೆಗೆ ಬಾವಿಯ ನೀರು ಹೋಗಿದೆ.

ಬೀಗತಿಯೇ ಮೊದಲು ಬಾಯಿ ಬಿಟ್ಟರು. “ಹ್ವಾಯ್, ಹೆಣ್ ಕಾಂಬುಕೆ ಬಂದರಿಗೆ ಅಕ್ಕನ್ ಬದ್ಲಿಗೆ ತಂಗಿ ತೋರ್ಸಿ ಕಳ್ಸಿದ್ರ್ಯಲೆ ಮಾರಾಯ್ರೆ.”

ನನಗೆ ನಗು ಬಂತು, ಅರ್ಧದಲ್ಲೇ ನಿಂತಿತು. ಮಗಳು ಮೂಲೆಯಲ್ಲಿ ಕುಳಿತು ಮಗುವಿಗೆ ಹಾಲು ಕೊಡುತ್ತಿದ್ದಳು. ಅವಳು ಯಾರನ್ನೂ ನೋಡದೆ, ಮಗುವಿನ ತಲೆಯನ್ನೇ ನೋಡುತ್ತ ಕೇಳಿದಳು:

“ಅಮ್ಮ, ನಾ ಕುಡ್ದ ತೆಳಿ ಎಲ್ಲ ಇವ್ಳಿಗೆ ಹೋಯ್ತಾ?”

ನಾನು ಹೋಗಿ ಮಗುವಿನ ಪಾದಗಳನ್ನು ಸೆರಗಿನಲ್ಲಿ ಮುಚ್ಚಿದೆ.

ಮಗ ಆಗಲೇ ಎದ್ದು ಮೇಡಂಗೆ ಫೋನು ಮಾಡಿದ. ಅವರು ಬೈಯಲಿಲ್ಲ. ತಾವೇ ಬಂದು ಪಂಪು ಹಾಕಿಸಿ, ಬಹಳ ಹೊತ್ತು ನೀರು ಹರಿಯಬಿಟ್ಟು ಬಾಟಲಿ ತುಂಬಿಸಿದರು. ಪೈಪಿನ ಬಾಯಿಯ ಮಣ್ಣು, ದೂರದ ಗದ್ದೆಯ ಮಣ್ಣು ಬೇರೆ ಬೇರೆ ಕಟ್ಟಿಕೊಂಡರು. ಅಕ್ಕಿಯೂ ಬೇಕು ಎಂದರು. ಮುಡಿ ಬಿಚ್ಚಲು ಇವರು ಒಪ್ಪಲಿಲ್ಲ. “ಚೀಲದಗೆ ಅದೇ ಅಕ್ಕಿ ಇತ್ತಲ್ಲ, ಅದನ್ನ್ ತಕಂಡ್ ಹೋಯ್ಲಿ” ಎಂದು ಮುಡಿಗೆ ಬೆನ್ನು ಕೊಟ್ಟು ಕುಳಿತರು.

ಹೋಗುವ ಮೊದಲು ಮೇಡಂ ಕೆಲವು ಮಾತು ಹೇಳಿದರು. ಈ ವಿಷಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ. ನೀರಿನಲ್ಲಿ ನಿಂತು ಬೆಳೆಯುವ ಭತ್ತ ಇದನ್ನು ಬೇರೆ ಬೆಳೆಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಒಳ್ಳೆಯ ನೀರು ಜಾಸ್ತಿ ಹಾಕಿ ಅನ್ನ ಮಾಡಿ ಬಸಿದರೆ ಸ್ವಲ್ಪ ಭಾಗ ತೆಳಿಯ ಜೊತೆ ಹೊರಗೆ ಹೋಗುತ್ತದೆ. ಪರೀಕ್ಷೆ ಬರುವವರೆಗೆ ತೆಳಿ ಕುಡಿಯಬೇಡಿ.

ತೆಳಿಯ ಜೊತೆ. ಅಷ್ಟು ಕೇಳಿದ ಮೇಲೆ ಅವರು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಮನೆಯವರಿಗೆ ನಾಟಿದ್ದು ಬೇರೆ. ರುಚಿ ಇಲ್ಲ ಎಂದದ್ದನ್ನು ಅವರು ನಂಬಲೇ ಇಲ್ಲ. ಮೇಡಂ ಅತ್ತ ಹೋಗುತ್ತಿದ್ದಂತೆ ಪೈಪಿನ ಹತ್ತಿರ ಹೋಗಿ ಬೆರಳು ಅದ್ದಿದರು. ಮಗ ಓಡಿ ಹೋಗಿ ಕೈ ಹಿಡಿದ.

“ಸಾಕ್ ಅಪ್ಪಯ್ಯ. ಇದ್ ಉಪ್ಪಲ್ಲ.”

“ಸಿಹಿ ಇತ್ತ್ ಮಗಾ. ನಾ ಎಷ್ಟ್ ಸರ್ತಿ ಕುಡೀಲಿಲ್ಲೆ. ಸಿಹಿಯೇ ಇತ್ತ್” ಎಂದರು. ಯಾರೋ ತಮ್ಮ ಮೇಲೆ ಸುಳ್ಳು ಹೊರಿಸಿದ ಹಾಗೆ ಇತ್ತು ಅವರ ಮುಖ.

ಫಲಿತಾಂಶ ಬರಲು ದಿನಗಳು ಹಿಡಿದವು. ಆ ದಿನಗಳನ್ನು ಹೇಗೆ ಕಳೆದೆನೋ. ಹಲಸಿನ ಹಣ್ಣಿನ ಕಾಲ, ಕಡುಬು ಮಾಡಲು ಕುಳಿತರೆ ಅಕ್ಕಿ ಮುಟ್ಟಲು ಕೈ ಬಾರದು. ಅಂಗಡಿಯಿಂದ ಅಕ್ಕಿ ತಂದು ಉಂಡೆವು. ಗದ್ದೆಯಿದ್ದವರು ಅಕ್ಕಿ ಕೊಳ್ಳುವುದು ನೋಡಿ ಅಂಗಡಿಯವನು, “ಎಂತ, ನಿಮ್ ಗೆದ್ದಿ ಮಾರಿದ್ರ್ಯಾ?” ಎಂದು ತಮಾಷೆ ಮಾಡಿದ. ಮಗುವಿಗೆ ಸ್ನಾನ ಮಾಡಿಸುವಾಗ ಎಣ್ಣೆ ಹಚ್ಚುವ ನೆಪದಲ್ಲಿ ಅಂಗೈ, ಅಂಗಾಲು, ಕಂಕುಳು ಎಲ್ಲ ಹುಡುಕುತ್ತಿದ್ದೆ. ಚರ್ಮದಲ್ಲಿ ಚುಕ್ಕೆ ಬರುವುದುಂಟು ಎಂದು ಯಾರೋ ಹೇಳಿದ್ದರು. ಅವಳ ತೊಡೆಯ ಮೇಲೆ ಹುಟ್ಟಿನಿಂದ ಒಂದು ಮಚ್ಚೆ ಇದೆ. ಅದು ಹುಟ್ಟಿನಿಂದ ಇದೆ ಎಂದು ನನಗೆ ಗೊತ್ತು. ಆದರೂ ಮಗಳನ್ನು ಕರೆದು ಕೇಳಿದೆ. ಅವಳು ಸಿಟ್ಟಾಗಿ, “ನೀನೇ ತೋರ್ಸಿದ್ದಲ್ದಾ ಅಮ್ಮ, ಅದೃಷ್ಟದ್ ಮಚ್ಚಿ ಅಂದ್ಹೇಳಿ” ಎಂದಳು. ಮಗು ನಮ್ಮಿಬ್ಬರ ಮುಖವನ್ನು ನೋಡಿ ಪಾದ ತಿಕ್ಕತೊಡಗಿತು. ಅದಕ್ಕೆ ಎಲ್ಲವೂ ಆಟ.

ತಡೆಯಲಾರದೆ ಕುಂದಾಪುರದ ಡಾಕ್ಟರ ಹತ್ತಿರ ಹೋದೆವು. ಅವರು ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. ತೂಕ ಸರಿ ಇದೆ, ಚುರುಕಾಗಿದ್ದಾಳೆ ಎಂದರು. ಎದೆಹಾಲಿಗೆ ಅದು ಇಳಿಯುವುದು ತೀರಾ ಕಡಿಮೆ, ಹಾಲು ಮಾತ್ರ ನಿಲ್ಲಿಸಬೇಡಿ ಎಂದು ಮಗಳಿಗೆ ಎರಡೆರಡು ಸಲ ಹೇಳಿದರು. ಮಗಳ ಭುಜ ಸ್ವಲ್ಪ ಇಳಿಯಿತು. ನಾನು ಸುಮ್ಮನಿರಬೇಕಿತ್ತು.

“ಹೊಟ್ಟಿಯಗಿದ್ದಾಗ ಹೋದದ್ದ್ ಡಾಕ್ಟ್ರೆ?” ಎಂದೆ.

ಅವರು ಮಗುವಿನ ಅಂಗಿ ಸರಿಮಾಡಿದರು. “ಈಗ ಮಗು ಚೆನ್ನಾಗಿದೆ ಅಮ್ಮ. ಬೆಳೆಯುವುದನ್ನು ನೋಡುತ್ತ ಹೋಗೋಣ. ನೀವೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ” ಎಂದರು.

ನೋಡುತ್ತ ಹೋಗೋಣ. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತ ಹೆಂಗಸು ಮಗುವಿನ ಕೆನ್ನೆ ಮುಟ್ಟಿ ಎಷ್ಟು ತಿಂಗಳು ಎಂದು ಕೇಳಿದರು. ಆ ದಿನ ಮಾತ್ರ ನಾನು ಕಾಲು ನಗುವ ಕಥೆ ಹೇಳಲಿಲ್ಲ.

ಮಳೆ ಮೋಡ ಸಮುದ್ರದ ಮೇಲೆ ಕಾಣತೊಡಗಿದ ಹೊತ್ತಿಗೆ ಮೇಡಂ ಬಂದರು. ಸ್ಕೂಟರು ನಿಲ್ಲಿಸಿ ಹೆಲ್ಮೆಟ್ ತೆಗೆಯುವುದರೊಳಗೆ ನಾವೆಲ್ಲ ಅಂಗಳದಲ್ಲಿದ್ದೆವು. ಬೆಲ್ಲ, ನೀರು ತಂದಿಟ್ಟೆ. ಅವರು ಮೊದಲು ನೀರು ಕುಡಿದರು. ಆಮೇಲೆ ಲೋಟ ಎತ್ತಿ ತೋರಿಸಿ, “ಇದು ಒಳ್ಳೆಯದು. ಅಜ್ಜ ಮೊದಲು ಕಳಿಸಿದ್ದು ಇದೇ ತಾನೆ. ಅಡಿಗೆಗೆ, ಮಗುವಿಗೆ ಇದನ್ನೇ ಬಳಸಿ” ಎಂದರು. ಅವರು ಒಳ್ಳೆಯದನ್ನು ಮೊದಲು ಹೇಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು.

ಬೋರಿನ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿ ಇತ್ತು. ಪೈಪಿನ ಬಾಯಿಯ ಮಣ್ಣಿನಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಅಕ್ಕಿಯಲ್ಲೂ ಇತ್ತು. ಅಕ್ಕಿಯೆಲ್ಲ ಒಟ್ಟಿಗೆ ಬೆರೆತಿರುವುದರಿಂದ ಯಾವುದು ಯಾವ ಮೂಲೆಯದ್ದು ಎಂದು ಹೇಳುವಂತಿಲ್ಲ. ಮಗುವಿಗೆ ಬೇಡವೇ ಬೇಡ, ದೊಡ್ಡವರೂ ಉಣ್ಣಬೇಡಿ, ಆ ಮೂಲೆಯ ಹುಲ್ಲನ್ನು ದನಕ್ಕೂ ಹಾಕಬೇಡಿ ಎಂದರು. ಮುಂದಿನ ಸುಗ್ಗಿಗೆ ಭತ್ತ ಬಿಟ್ಟು, ಮಣ್ಣಿನ ಹಸಿಯಲ್ಲೇ ಬರುವ ಉದ್ದು ಹಾಕಬಹುದು, ಮಣ್ಣನ್ನು ಮತ್ತೆ ನೋಡೋಣ ಎಂದು ಮಗನಿಗೆ ಹೇಳಿದರು. ಮಗ ತಲೆಯಾಡಿಸುತ್ತಿದ್ದ. ಬೋರು ಹಾಕಿಸಿದ ದಿನ ಬೈಲಿನವರಿಗೆಲ್ಲ ಅವಲಕ್ಕಿ ಹಂಚಿದವನು ಅವನು. ಮೇಡಂ ಹೋದ ಮೇಲೆ ಪಂಪಿನ ಫ್ಯೂಸು ತೆಗೆದು ಕಿಸೆಯಲ್ಲಿ ಹಾಕಿಕೊಂಡು ಬಂದ.

ಮನೆಯವರು ಮುಡಿಯನ್ನು ಎತ್ತಿಕೊಂಡರು, ಮಗುವನ್ನು ಎತ್ತಿಕೊಳ್ಳುವ ಹಾಗೆಯೇ, ಒಂದು ಕೈ ಕೆಳಗೆ ಕೊಟ್ಟು. ಅನ್ನದ ಅಕ್ಕಿಯನ್ನು ಎಸೆಯುವುದು ಅವರಿಂದಾಗದು. ಕೋಳಿಗೆ ಹಾಕುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಅಟ್ಟದ ಮೇಲಿಟ್ಟು, ಯಾರೂ ಮರೆತು ಬಿಚ್ಚಬಾರದೆಂದು ನನ್ನ ಹಳೆಯ ಕೆಂಪು ರವಿಕೆಯ ತುಂಡು ಅದಕ್ಕೆ ಕಟ್ಟಿದರು.

ಮೊದಲ ಅನ್ನಕ್ಕೆ ಅಕ್ಕಿ ಎಲ್ಲಿಂದ? ತೆಕ್ಕಟ್ಟೆಯ ಬೀಗತಿಯ ಮನೆಯಲ್ಲಿ ಮಳೆಗಾಲದ ಒಂದೇ ಬೆಳೆ, ಬೋರಿಲ್ಲ. ತಾಯಿಮನೆಯಲ್ಲಿ ಉಣಿಸುವ ಅನ್ನಕ್ಕೆ ಬೀಗರ ಮನೆಯ ಅಕ್ಕಿ ಕೇಳುವುದೆಂದರೆ ನನಗೆ ನಾಲಿಗೆ ಏಳಲಿಲ್ಲ. ಕೊನೆಗೆ ಫೋನು ಮಾಡಿದೆ. ಕೇಳುವುದು ಕೇಳಿ, ಇನ್ನೊಂದನ್ನೂ ಹೇಳಬೇಕಾಯಿತು: ಮೊದಲು ಒಂದು ಮುಷ್ಟಿ ಕಳಿಸಿ, ಅದನ್ನೂ ಪರೀಕ್ಷೆಗೆ ಕೊಡುತ್ತೇವೆ.

ಬೀಗತಿ, “ಮದಿಗೆ ಮಾಣಿ ಜಾತ್ಕ ಕಂಡ್ರಿ. ಈಗ ನಮ್ ಅಕ್ಕಿ ಜಾತ್ಕವೂ ಕಾಂತ್ರ್ಯಾ?” ಎಂದರು. ನಾನು ಏನೋ ಹೇಳಲು ಹೊರಟೆ. ಅವರೇ ತಡೆದರು. “ಕಳಿಸ್ತೆ ಮಾರಾಯ್ತಿ. ಅವ್ಳ್ ನಂಗೂ ಮೊಮ್ಮಗ್ಳೇ ಅಲ್ದಾ.”

ಅಕ್ಕಿ ಸರಿಯಿದೆ ಎಂದು ಬಂತು. ಆರನೇ ತಿಂಗಳು ದಾಟಿ ಹೋಗಿತ್ತು, ಹೊರಗೆ ಮಳೆ ಹಿಡಿದಿತ್ತು. ಬೀಗತಿ ಅಕ್ಕಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಟೋದಿಂದ ಇಳಿದರು. ಬಾವಿಯ ನೀರು ಜಾಸ್ತಿ ಹಾಕಿ ಅನ್ನ ಮಾಡಿದೆ, ಬಸಿದೆ, ಮೆತ್ತಗೆ ಹಿಸುಕಿ ಬೆಳ್ಳಿ ಬಟ್ಟಲಿಗೆ ಹಾಕಿದೆ. ಮಗ ಪಂಚೆ ಉಟ್ಟು, ಸೋದರಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ತುತ್ತು ತೆಗೆಯಬೇಕು, ಅಷ್ಟರಲ್ಲಿ ಮನೆಯವರು ಮುಂದೆ ಬಂದು ಬಟ್ಟಲಿಗೆ ಬೆರಳು ಅದ್ದಿದರು. ನಾಲಿಗೆಯ ತುದಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರು.

“ಎಂತ ಅಂತ್ ನಿಮ್ ನಾಲ್ಗಿ?” ಎಂದರು ಬೀಗತಿ.

ಅವರು ಕಣ್ಣು ತೆರೆದರು. “ಅದ್ಕೆ ಎಂತ ಗೊತ್ತಾತ್ತ್? ಲ್ಯಾಬಿನರ್ ಅಡ್ಡಿಲ್ಲೆ ಅಂದಿರಲ್ದಾ. ಉಣ್ಸ್ ಮಗಾ” ಎಂದು ಹಿಂದೆ ಸರಿದರು.

ಮಗು ಮೊದಲ ತುತ್ತನ್ನು ಸೋದರಮಾವನ ಪಂಚೆಯ ಮೇಲೆ ಉಗಿದಳು. ಎರಡನೆಯದನ್ನು ಬಾಯಲ್ಲಿ ಅತ್ತಿತ್ತ ಹೊರಳಿಸಿ, ಹುಬ್ಬು ಗಂಟಿಕ್ಕಿ, ನುಂಗಿದಳು. ನಾನು ಅವಳ ಮುಖ ನೋಡಲಿಲ್ಲ, ಪಾದ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದವು. ಆಮೇಲೆ ಒಂದಕ್ಕೊಂದು ತಿಕ್ಕಿಕೊಂಡವು. ನನಗೆ ಅಳು ಬಂತು, ಸಂತೋಷ ಎಷ್ಟೆಂದು ಬರೆಯಲು ನನ್ನ ಅಕ್ಷರ ಸಾಲದು.

ಎಲ್ಲರ ಊಟವಾದ ಮೇಲೆ ಮಗಳು ಅಡಿಗೆಮನೆಗೆ ಬಂದಳು. ಒಲೆಯ ಪಕ್ಕ ಬಸಿದ ತೆಳಿ ಇತ್ತು. ಬಿಸಾಡಲು ಮರೆತಿದ್ದೆನೋ, ಮನಸ್ಸು ಬಂದಿರಲಿಲ್ಲವೋ.

“ಅಮ್ಮ, ಉಪ್ಪ್ ಹಾಕಿ ಒಂದ್ ಲೋಟ ಕೊಡ್. ಎಷ್ಟ್ ದಿನ ಆಯ್ತ್ ಕುಡೀದೆ.”

ಒಳ್ಳೆಯ ಅಕ್ಕಿ, ಒಳ್ಳೆಯ ನೀರು, ಎರಡಕ್ಕೂ ಪರೀಕ್ಷೆಯಾಗಿದೆ. ನನಗೆ ಗೊತ್ತು. ಆದರೂ ಲೋಟ ಹಿಡಿದ ಕೈ ಮುಂದೆ ಹೋಗಲಿಲ್ಲ. ಅವಳೇ ಬಿಡಿಸಿಕೊಂಡಳು. ಗೋಡೆಗೆ ಒರಗಿ ನಿಧಾನ ಕುಡಿದಳು. ಲೋಟ ಖಾಲಿಯಾಗುವವರೆಗೂ ನಾನು ಅವಳ ಗಂಟಲನ್ನೇ ನೋಡುತ್ತ ನಿಂತಿದ್ದೆ.